ಆರನೆಯ ಕಲ್ಲು, ಏಳನೆಯ ಮೈಲಿ

ಆರನೆಯ ಕಲ್ಲು ಬಲಗಡೆ ಇರಲಾರದು, ಏಕೆಂದರೆ ಬಲಗಡೆ ಬಾವಿ ಇತ್ತು. ಆದರೆ ಬಾವಿ ಬಲಗಡೆ ಇತ್ತು ಎಂದು ನನಗೆ ಹೇಗೆ ಗೊತ್ತು? ಕಲ್ಲು ಎಡಗಡೆ ಇತ್ತು ಎಂದು ಮೊದಲೇ ನಂಬಿಕೊಂಡಿರುವುದರಿಂದ. ಹೀಗೆ ಒಂದಕ್ಕೊಂದು ಸಾಕ್ಷಿ ಹೇಳಿಕೊಳ್ಳುವ ಎರಡು ನೆನಪುಗಳ ಮೇಲೆ ನಾನು ಇಷ್ಟು ವರ್ಷ ಒಂದು ಕಥೆಯನ್ನು ನಿಲ್ಲಿಸಿಕೊಂಡು ಬಂದಿದ್ದೇನೆ. ಕೇಳಿದವರು ನಕ್ಕಿದ್ದಾರೆ. ಅವರು ನಕ್ಕ ಜಾಗಗಳನ್ನು ಮುಂದಿನ ಸಲ ಹೇಳುವಾಗ ಇನ್ನಷ್ಟು ತಿದ್ದಿದ್ದೇನೆ. ಈಗ ಬರೆಯಲು ಕೂತರೆ ಯಾವುದು ನಡೆದದ್ದು, ಯಾವುದು ತಿದ್ದಿದ್ದು ಎಂದು ಗೆರೆ ಎಳೆಯಲು ಕೈ ಬರುವುದಿಲ್ಲ.

ಖಚಿತವಾಗಿ ಗೊತ್ತಿರುವುದನ್ನು ಮೊದಲು ಹೇಳಿಬಿಡುತ್ತೇನೆ. ಐವತ್ತರ ದಶಕ. ರಸ್ತೆಗಳಲ್ಲಿ ಇನ್ನೂ ಮೈಲಿಕಲ್ಲುಗಳೇ ಇದ್ದವು, ಕಿಲೋಮೀಟರು ಬಂದಿರಲಿಲ್ಲ. ಬೇಗೂರಿನಿಂದ ಒಳಗೆ ಒಂದು ಹಳ್ಳಿಯ ಏಕೋಪಾಧ್ಯಾಯ ಶಾಲೆಯಲ್ಲಿ ನಾನು ಬದಲಿ ಮೇಷ್ಟ್ರು. ಕಾಯಂ ಮೇಷ್ಟ್ರು ಕಾಯಿಲೆ ಬಿದ್ದು ದೀರ್ಘ ರಜೆಯಲ್ಲಿದ್ದರು. ಅವರು ಚೇತರಿಸಿಕೊಂಡ ದಿನ ನನ್ನ ಕೆಲಸ ಮುಗಿಯುತ್ತಿತ್ತು. ಅವರ ಆರೋಗ್ಯವನ್ನು ವಿಚಾರಿಸಲು ಹೋಗುವಾಗಲೆಲ್ಲ ನನ್ನ ಮುಖದಲ್ಲಿ ಏನು ಕಾಣುತ್ತಿತ್ತೋ, ಅವರೇ ಒಂದು ಸಲ, "ಇನ್ನೂ ಕೆಮ್ಮು ಇದೆ ಕಣಯ್ಯಾ, ಹೆದರಬೇಡ" ಎಂದಿದ್ದರು.

ಆ ವರ್ಷ ಡ್ರಿಲ್ ಮೇಷ್ಟ್ರ ತರಬೇತಿಗೆ ಆಳುಗಳು ಬೇಕೆಂದು ಒಂದು ಸುತ್ತೋಲೆ ಬಂತು. ತರಬೇತಿ ಮುಗಿಸಿದವರಿಗೆ ಕಾಯಂ ಕೆಲಸ. ವಯಸ್ಸು ಇಪ್ಪತ್ತೈದು ದಾಟಿರಬಾರದು. ನನಗೆ ಇಪ್ಪತ್ತೈದು ನಡೆಯುತ್ತಿತ್ತು, ಅಂದರೆ ಇದೊಂದೇ ಸಲ. ಆಯ್ಕೆಗೆ ಚಾಮರಾಜನಗರದಲ್ಲಿ ಹತ್ತು ಮೈಲಿಯ ರಸ್ತೆ ಓಟ. ಎಪ್ಪತ್ತು ನಿಮಿಷದೊಳಗೆ ಮುಗಿಸಬೇಕು. ಮೊದಲು ಬಂದವನಿಗೆ ಹಾರವೂ ಇಲ್ಲ, ಕೊನೆಗೆ ಬಂದವನಿಗೆ ಅವಮಾನವೂ ಇಲ್ಲ. ಎಪ್ಪತ್ತರ ಒಳಗೆ ಬಂದವನು ತರಬೇತಿಗೆ, ಹೊರಗೆ ಬಂದವನು ಮನೆಗೆ.

ನಾನು ಓಡುತ್ತಿದ್ದೆ. ಚಿಕ್ಕಂದಿನಿಂದ ಓಡುತ್ತಿದ್ದೆ, ಏಕೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಆದರೆ ಎಷ್ಟು ಹೊತ್ತಿನಲ್ಲಿ ಎಷ್ಟು ದೂರ ಎಂದು ಯಾವತ್ತೂ ನೋಡಿಕೊಂಡವನಲ್ಲ. ನೋಡಿಕೊಳ್ಳಲು ಗಡಿಯಾರ ಇರಲಿಲ್ಲ. ಗಡಿಯಾರ ಇದ್ದದ್ದು ಭಾವನ ಹತ್ತಿರ. ಭಾವ ಅಂದರೆ ನನ್ನ ಅಕ್ಕನ ಗಂಡ. ಗುಂಡ್ಲುಪೇಟೆಯಲ್ಲಿ ಒಂದು ಸಣ್ಣ ಅರಿಶಿನದ ಮಂಡಿ ಇಟ್ಟುಕೊಂಡಿದ್ದರು. ಉಗುರಿನ ಸಂದಿಯಿಂದ ಹಳದಿ ಎಂದೂ ಹೋಗದ ಮನುಷ್ಯ.

ಸುತ್ತೋಲೆ ಹಿಡಿದುಕೊಂಡು ಹೋದ ದಿನ ಅವರು ಊಟಕ್ಕೆ ಕೂತಿದ್ದರು.

"ಅತ್ತು ಮೈಲಿಗೆ ಎಪ್ಪತ್ತು ನಿಮಿಷ. ಅಂದ್ರೆ ಮೈಲಿಗೆ ಏಳು ನಿಮಿಷ. ಓಡ್ತೀಯೇನ್ಲಾ?"

"ಗೊತ್ತಿಲ್ಲ ಭಾವ."

"ಗೊತ್ತಿಲ್ದೆ ಅರ್ಜಿ ಆಕ್ಬುಟ್ಟಾ?"

ಅಡುಗೆಮನೆಯಿಂದ ಅಕ್ಕ, "ನಿಮ್ಗೆ ಮದ್ವೇಲಿ ವಾಚು ಕೊಟ್ಟಿಲ್ವಾ, ನೋಡ್ಕಂಡು ಯೋಳಿ" ಎಂದಳು.

"ವಾಚು ಕೊಟ್ಟಿದ್ದು ಕೈಗೆ ಕಟ್ಕಳಕ್ಕೆ ಕಣಮ್ಮಿ. ನಿನ್ ತಮ್ಮನ ಇಂದೆ ಸೈಕಲ್ ತುಳಿಯಕ್ಕಲ್ಲ."

"ಸೈಕಲ್ಲೂ ನಮ್ಮಪ್ಪನೇ ಕೊಟ್ಟಿದ್ದು."

ಭಾವ ಮುದ್ದೆ ನುಂಗಿ ನನ್ನನ್ನು ನೋಡಿದರು. ಅಲ್ಲಿಗೆ ಒಪ್ಪಂದ ಆಯಿತು.

ಕ್ರಮ ಹೀಗಿತ್ತು. ಶನಿವಾರ ಸಂಜೆ ಭಾವ ಬಸ್ಸಿನ ಮೇಲೆ ಸೈಕಲ್ ಹಾಕಿಸಿಕೊಂಡು ಬೇಗೂರಿಗೆ ಬರುತ್ತಿದ್ದರು. ಆ ಕಡೆಯ ರೈತರ ಅರಿಶಿನ ನೋಡುವ ನೆಪವೂ ಇತ್ತು. ನನ್ನ ಕೋಣೆಯಲ್ಲಿ ಮಲಗಿ, ಭಾನುವಾರ ಬೆಳಕು ಹರಿಯುವಾಗ ಬೇಗೂರು ದಾಟಿದ ಮೇಲಿನ ಒಂದು ಮೈಲಿಕಲ್ಲಿನಿಂದ ನಾವು ಹೊರಡುತ್ತಿದ್ದೆವು. ಕಲ್ಲುಗಳ ಮೇಲೆ ಬರೆದಿದ್ದ ಅಂಕಿ ಬೇರೆ. ನಮ್ಮ ಲೆಕ್ಕದಲ್ಲಿ ಅದು ಸೊನ್ನೆ, ಮುಂದಿನದು ಒಂದು, ಅದರ ಮುಂದಿನದು ಎರಡು. ಹತ್ತನೆಯ ಕಲ್ಲು ಗುಂಡ್ಲುಪೇಟೆಯ ಅಂಚಿನಲ್ಲಿ. ಅಲ್ಲಿಂದ ಅಕ್ಕನ ಮನೆಗೆ ನಡಿಗೆ, ಸ್ನಾನ, ಊಟ, ಸಂಜೆಯ ಬಸ್ಸಿಗೆ ನಾನು ವಾಪಸು. ಮೈಲಿಕಲ್ಲುಗಳ ನಡುವೆ ಫರ್ಲಾಂಗು ಕಲ್ಲುಗಳೂ ಇರಬೇಕಿತ್ತು. ಅವುಗಳಲ್ಲಿ ಎಷ್ಟೋ ಯಾರುಯಾರದೋ ಬಚ್ಚಲು ಸೇರಿದ್ದವು, ಉಳಿದವು ಹುಲ್ಲಿನಲ್ಲಿ ಹೂತಿದ್ದವು. ನಾವು ಅವುಗಳ ಗೋಜಿಗೆ ಹೋಗಲಿಲ್ಲ.

ಪ್ರತಿ ಮೈಲಿಕಲ್ಲಿನ ಬಳಿಯೂ ಭಾವ ವಾಚು ನೋಡಿ ನಿಮಿಷ ಕೂಗುತ್ತಿದ್ದರು. ಮನೆಗೆ ಹೋದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಪ್ರತಿ ಹಾಳೆಯ ಮೂಲೆಯಲ್ಲೂ ಒಂದು ಹಳದಿ ಹೆಬ್ಬೆಟ್ಟು. ಆ ಪುಸ್ತಕ ಈಗ ಇಲ್ಲ. ಇದ್ದಿದ್ದರೆ ಈ ಬರಹದ ಅರ್ಧ ಬೇಕಾಗುತ್ತಿರಲಿಲ್ಲ.

ವೇಗ ಹಿಡಿದಿಡುವುದು ಎಂದರೆ ಏನು ಎಂಬ ಕುತೂಹಲ ನನಗೆ ಹತ್ತಿದ್ದು ಆಗ. ಜೋರಾಗಿ ಓಡುವುದು ಸುಲಭ, ನಿಧಾನವಾಗಿ ಓಡುವುದೂ ಸುಲಭ. ಇಷ್ಟೇ ಎಂದು ಗೊತ್ತುಮಾಡಿಕೊಂಡು ಅಷ್ಟರಲ್ಲೇ ಇರುವುದಿದೆಯಲ್ಲ, ಅದು ಕಾಲಿನ ಕೆಲಸವಲ್ಲ. ಉಸಿರು ಎಣಿಸಿ ನೋಡಿದೆ, ಏದುಸಿರು ಬಂದಾಗ ಲೆಕ್ಕ ತಪ್ಪುತ್ತಿತ್ತು. ಹೆಜ್ಜೆ ಎಣಿಸಿದೆ, ಐನೂರರ ನಂತರ ಮರೆತುಹೋಗುತ್ತಿತ್ತು. ಪಂಚಾಕ್ಷರಿ ಹೇಳಿಕೊ ಎಂದರು ಭಾವ. ಅದು ಹೇಳಿಕೊಳ್ಳುತ್ತಿದ್ದರೆ ಮನಸ್ಸು ತಣ್ಣಗಾಗಿ ಕಾಲು ನಿಧಾನವಾಗುತ್ತಿತ್ತು. ಕೊನೆಗೆ ಸಿಕ್ಕಿದ್ದು ಮಗ್ಗಿ. ಮೂವತ್ತು ಮಕ್ಕಳಿಗೆ ದಿನವೂ ಹೇಳಿಸಿ ಹೇಳಿಸಿ ಅದು ನನ್ನ ನಾಲಿಗೆಗೆ ಅಂಟಿಕೊಂಡಿತ್ತು. ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು. ಶಾಲೆಯಲ್ಲಿ ಹೇಳಿಸುವ ಓಟದಲ್ಲೇ ಮನಸ್ಸಿನೊಳಗೆ ಹೇಳಿಕೊಂಡು ಹೋದರೆ, ಎರಡರ ಮಗ್ಗಿಯಿಂದ ಶುರುವಾಗಿ ಹದಿನೈದರ ಮಗ್ಗಿ ಮುಗಿಯುವಷ್ಟರಲ್ಲಿ ಒಂದು ಮೈಲಿ. ಭಾವ ವಾಚು ನೋಡಿದರೆ ಏಳು ನಿಮಿಷ, ಐದು ಸೆಕೆಂಡು ಆಚೆ ಈಚೆ. ಹದಿನೈದಹತ್ಲ ನೂರೈವತ್ತು ಎನ್ನುವಾಗ ಕಲ್ಲು ಎದುರಿಗೆ ಬರುತ್ತಿತ್ತು. ಮೊದಲ ಸಲ ಹಾಗಾದಾಗ ನನಗೆ ಮೈ ಜುಮ್ಮೆಂದಿತು. ರಸ್ತೆ ನನ್ನ ಬಾಯೊಳಗೆ ಸುತ್ತಿಕೊಂಡಿದೆ ಅನ್ನಿಸಿತು.

ಐದನೆಯ ಕಲ್ಲಿನವರೆಗೆ ಹೀಗೆ. ಆರನೆಯದರಲ್ಲಿ ಬೇರೆ ಏನೋ ಆಗುತ್ತಿತ್ತು.

ಆರನೆಯ ಕಲ್ಲು ಒಂದು ಆಲದಮರದ ಕೆಳಗೆ ಇತ್ತು. ಬೇರೆ ಕಲ್ಲುಗಳ ಮೇಲೆ ಬರೀ ಸುಣ್ಣ, ಇದರ ಮೇಲೆ ಸುಣ್ಣದ ಜೊತೆ ಮೂರು ಬೆರಳಿನ ವಿಭೂತಿ. ಗಾಡಿಯವರು ಅಲ್ಲಿ ಎತ್ತು ಬಿಚ್ಚಿ ನೀರು ಕುಡಿಸಿ, ಕಲ್ಲಿಗೆ ಕೈಯೊತ್ತಿ ಹೊರಡುತ್ತಿದ್ದರು. ಎತ್ತುಗಳು ದಾರಿಯಲ್ಲಿ ಕುಂಟದಿರಲಿ ಎಂದು. ಒಬ್ಬ ಅಜ್ಜಿ ಅಲ್ಲಿ ನೀರುಮಜ್ಜಿಗೆ, ಎಲೆಅಡಿಕೆ ಇಟ್ಟುಕೊಂಡು ಕೂತಿರುತ್ತಿದ್ದಳು. ಹತ್ತು ಕಲ್ಲುಗಳಲ್ಲಿ ಅದೊಂದರ ಮುಂದೆ ಮಾತ್ರ ಭಾವ ಸೈಕಲ್ ಇಳಿಯುತ್ತಿದ್ದರು. ಕೈಮುಗಿದು, ಹಣೆಗೆ ವಿಭೂತಿ ಒತ್ತಿಕೊಂಡು, ಮತ್ತೆ ಹತ್ತಿ ನನ್ನನ್ನು ಹಿಡಿಯುತ್ತಿದ್ದರು. ವಾಚು ಮೊದಲು ನೋಡಿ ಆಮೇಲೆ ಕೈಮುಗಿಯುತ್ತಿದ್ದೆ ಎಂದು ಅವರು ಕೊನೆಯವರೆಗೂ ಹೇಳಿದರು. ನಾನು ಹಿಂದಿರುಗಿ ನೋಡಿದವನಲ್ಲ.

ಆ ಕಲ್ಲು ಪ್ರತಿ ಸಲವೂ ಬೇಗ ಬರುತ್ತಿತ್ತು. ಆರು ನಿಮಿಷ ಹತ್ತು ಸೆಕೆಂಡು. ಆರು ನಿಮಿಷ ಐದು. ಒಂದು ಸಲ ಆರು ನಿಮಿಷವೇ. ಮಗ್ಗಿಯಲ್ಲಿ ನಾನು ಹದಿನಾಲ್ಕೆರಡ್ಲ ಇಪ್ಪತ್ತೆಂಟು ಎನ್ನುವಷ್ಟರಲ್ಲಿ ಭಾವನ ಕೂಗು ಕೇಳುತ್ತಿತ್ತು. ಅದರ ಮುಂದಿನ ಮೈಲಿಯಲ್ಲಿ ನಾನು ಸೊರಗುತ್ತಿದ್ದೆ. ಹದಿನೈದು ಮುಗಿದು, ಹದಿನಾರು ಮುಗಿದು, ಹದಿನೇಳೇಳ್ಲ ನೂರಹತ್ತೊಂಬತ್ತು ಬಂದರೂ ಕಲ್ಲು ಕಾಣದು. ಏಳು ನಿಮಿಷ ಐವತ್ತು. ಎಂಟನೆಯದರಿಂದ ಮತ್ತೆ ಎಲ್ಲ ಸರಿ.

ಈಗ ಇದನ್ನು ಓದುವವರಿಗೆ ವಿಷಯ ಗೊತ್ತಾಗಿರುತ್ತದೆ. ನಮಗೆ ಗೊತ್ತಾಗಲಿಲ್ಲ. ಮಗ್ಗಿ ಕಡಿಮೆಯಾದರೆ ದಾರಿ ಕಡಿಮೆ ಎಂದು ಎರಡನೆಯ ಕ್ಲಾಸಿನ ಹುಡುಗಿಯೂ ಹೇಳುತ್ತಿದ್ದಳು. ಆದರೆ ಮೈಲಿಕಲ್ಲು ಎಂದರೆ ಅಳತೆ, ಅಳತೆಯನ್ನು ಯಾರು ಅಳೆಯುತ್ತಾರೆ? ಅದರ ಮೇಲೆ ವಿಭೂತಿಯೂ ಇತ್ತು. ನಾವು ಅನುಮಾನಪಟ್ಟದ್ದು ನನ್ನ ಮೈಯನ್ನು.

"ನಿಂಗೆ ಆರನೇದ್ರಲ್ಲಿ ರೆಕ್ಕೆ ಬತ್ತದೆ ಕಣ್ಲಾ" ಎಂದು ಭಾವ ತೀರ್ಮಾನಿಸಿದರು. "ಎಜ್ಜೆ ಉದ್ದ ಆಯ್ತದೆ, ನಿಂಗೆ ತಿಳಿಯಕ್ಕಿಲ್ಲ. ಅದ್ಕೇ ಮಗ್ಗಿ ಮಿಕ್ಕೋದು."

"ಏಳನೆಯದರಲ್ಲಿ?"

"ಏಳನೇದ್ರಲ್ಲಿ ರೆಕ್ಕೆ ಉದುರ್ತದೆ."

ನಾನು ನಂಬಿದೆ. ನಂಬಿದ್ದಷ್ಟೇ ಅಲ್ಲ, ಖುಷಿಪಟ್ಟೆ. ನನ್ನೊಳಗೆ ನನಗೆ ತಿಳಿಯದ ಒಂದು ಘಟನೆ ವಾರಕ್ಕೊಮ್ಮೆ, ಐದನೆಯ ಕಲ್ಲಿಗೂ ಆರನೆಯ ಕಲ್ಲಿಗೂ ನಡುವೆ ನಡೆಯುತ್ತದೆ ಎಂಬುದು ಬದಲಿ ಮೇಷ್ಟ್ರಿಗೆ ಸಣ್ಣ ವಿಷಯವಲ್ಲ. ಅದು ಎಲ್ಲಿಂದ ಬರುತ್ತದೆ, ಏಕೆ ಹೋಗುತ್ತದೆ ಎಂದು ಪರೀಕ್ಷೆ ಶುರುಮಾಡಿದೆ. ಒಂದು ವಾರ ಐದನೆಯ ಕಲ್ಲಿನಲ್ಲಿ ಬೆಲ್ಲ ಬಾಯಿಗೆ ಹಾಕಿಕೊಂಡೆ. ಒಂದು ವಾರ ಹಿಂದಿನ ರಾತ್ರಿ ಉಪವಾಸ. ಒಂದು ವಾರ ಅಂಬಲಿ ಕುಡಿದು ಹೊರಟೆ, ಮೂರನೆಯ ಮೈಲಿಯಲ್ಲಿ ಅದು ಹೊಟ್ಟೆಯೊಳಗೆ ಕೊಡದ ನೀರಿನಂತೆ ತುಳುಕಿ ವಾಂತಿಯಾಯಿತು. ಆದರೂ ಆರನೆಯದು ಆರು ನಿಮಿಷ ಹದಿನೈದು. ಬೆಟ್ಟದ ಕಡೆಯಿಂದ ಗಾಳಿ ಬೀಸಿದರೂ ಬೀಸದಿದ್ದರೂ ಒಂದೇ. ಕಾಲಿಗೆ ಹರಳೆಣ್ಣೆ ತಿಕ್ಕಿದರೂ ತಿಕ್ಕದಿದ್ದರೂ ಒಂದೇ. ಏನು ಮಾಡಿದರೂ ಬದಲಾಗದ ಫಲಿತಾಂಶ ಬಂದಾಗ ಪರೀಕ್ಷೆ ಮಾಡುವವನಿಗೆ ಸಂಶಯ ಬರಬೇಕು. ನನಗೆ ಭಕ್ತಿ ಬಂತು.

ಮತ್ತು, ಇದನ್ನು ಹೇಳಲೇಬೇಕು, ನಿಜವಾಗಿ ಹಗುರವಾಗುತ್ತಿತ್ತು. ಐದನೆಯ ಕಲ್ಲು ದಾಟಿದ ಕೂಡಲೇ ಎದೆಯೊಳಗೆ ಒಂದು ಬಾಗಿಲು ತೆಗೆದಂತೆ. ಏಳನೆಯದರಲ್ಲಿ ತೊಡೆ ಮರಗಟ್ಟುತ್ತಿತ್ತು. ಇವನ್ನು ನಾನು ಕಲ್ಪಿಸಿಕೊಂಡದ್ದಲ್ಲ. ಅಥವಾ ಕಲ್ಪಿಸಿಕೊಂಡದ್ದನ್ನು ಅನುಭವಿಸಿದ್ದೆ. ಆ ಎರಡಕ್ಕೂ ವ್ಯತ್ಯಾಸ ಏನು ಎಂದು ಇವತ್ತಿಗೂ ನನಗೆ ಸ್ಪಷ್ಟವಿಲ್ಲ.

ಒಟ್ಟು ಹತ್ತು ಮೈಲಿಗೆ ಎಪ್ಪತ್ತೊಂದು ನಿಮಿಷ, ಎಪ್ಪತ್ತೊಂದೂವರೆ ಆಗುತ್ತಿತ್ತು. ಎರಡೇ ಎರಡು ಸಲ ಅರವತ್ತೊಂಬತ್ತೂ ಮುಕ್ಕಾಲು. ಉಳಿದ ಒಂದು ನಿಮಿಷವನ್ನು ಎಲ್ಲಿಂದ ಕಡಿಯುವುದು? ಭಾವನಿಗೆ ಉತ್ತರ ಹೊಳೆದಿತ್ತು. ಏಳನೆಯದರಿಂದ. ಅಲ್ಲಿ ಐವತ್ತು ಸೆಕೆಂಡು ಸೋರಿಹೋಗುತ್ತಿದೆ. ಅದನ್ನು ಮುಚ್ಚಲು ಆರನೆಯದರಲ್ಲಿ ಕೈ ಬಿಗಿ ಹಿಡಿಯಬೇಕು.

"ಆರನೇದ್ರಲ್ಲಿ ಲಗಾಮು ಎಳ್ಕೊ. ನೀನಾಗಿ ಏನೂ ಮಾಡ್ಬ್ಯಾಡ. ರೆಕ್ಕೆ ಅದಾಗೇ ಬತ್ತದೆ, ಅದೇ ಒತ್ಕಂಡೋಯ್ತದೆ. ನಿನ್ನ ಶಕ್ತಿ ಉಳುಸ್ಕಂಡು ಏಳನೇದ್ರಲ್ಲಿ ಸುರಿ."

"ರೆಕ್ಕೆ ಬರದಿದ್ದರೆ?"

"ಬರ್ದೆ ಎಲ್ಲಿಗೋದಾತು. ಇಷ್ಟು ವಾರ ಬಂದಿಲ್ವಾ."

ಕೊನೆಯ ನಾಲ್ಕೈದು ಭಾನುವಾರ ಹಾಗೆಯೇ ಓಡಿ ಅಭ್ಯಾಸ ಮಾಡಿದೆವು. ಆರನೆಯದರಲ್ಲಿ ಸಡಿಲ ಬಿಟ್ಟೆ, ಏಳನೆಯದರಲ್ಲಿ ಹಲ್ಲು ಕಚ್ಚಿದೆ. ಆರನೆಯದು ಆರೂ ಮುಕ್ಕಾಲು ನಿಮಿಷಕ್ಕೆ ಏರಿತು, ಏಳನೆಯದು ಏಳೂಕಾಲಕ್ಕೆ ಇಳಿಯಿತು. ಎರಡೂ ಏಳರ ಹತ್ತಿರ ಬಂದವು. ಪುಸ್ತಕದಲ್ಲಿ ಮೊದಲ ಸಲ ಸಾಲುಗಳು ಒಂದಕ್ಕೊಂದು ಹೋಲುವಂತೆ ಕಂಡವು. ಭಾವ ಅದನ್ನು ಅಕ್ಕನಿಗೆ ತೋರಿಸಿ, "ನೋಡು, ಇಸ್ತ್ರಿ ಆಕ್ದಂಗದೆ" ಎಂದರು.

ಓಟದ ಹಿಂದಿನ ದಿನ ತೆರಕಣಾಂಬಿ ಮೇಲೆ ಬಸ್ಸಿನಲ್ಲಿ ಹೋಗಿ ಚಾಮರಾಜನಗರದಲ್ಲಿ ಭಾವನ ಪರಿಚಯದ ಅರಿಶಿನದ ವ್ಯಾಪಾರಿಯ ಜಗಲಿಯಲ್ಲಿ ಮಲಗಿದೆವು. ಬೆಳಿಗ್ಗೆ ಅಧಿಕಾರಿಗಳು ಮೈಸೂರು ಕಡೆಯಿಂದ ರೈಲಿನಲ್ಲಿ ಬರುವವರೆಗೆ ಕಾದೆವು. ಮೂವತ್ತು ಜನ ಇದ್ದಿರಬಹುದು. ಸಂತೆಮರಹಳ್ಳಿ ರಸ್ತೆಯಲ್ಲಿ ಐದು ಮೈಲಿ ಹೋಗಿ, ಐದನೆಯ ಕಲ್ಲನ್ನು ಸುತ್ತಿ, ಬಂದ ದಾರಿಯಲ್ಲೇ ವಾಪಸು. ಸೈಕಲ್ಲಿನಲ್ಲಿ ಯಾರೂ ಜೊತೆಗೆ ಬರುವಂತಿಲ್ಲ. ಇದು ನಮಗೆ ಗೊತ್ತಿರಲಿಲ್ಲ. ಭಾವ ಅಧಿಕಾರಿಯ ಹತ್ತಿರ, "ನಾನು ಓಡಲ್ಲ ಸ್ವಾಮಿ, ಬರೀ ಟೈಮ್ ಯೋಳ್ತೀನಿ" ಎಂದು ನೋಡಿದರು. ಅಧಿಕಾರಿ ತಲೆ ಎತ್ತಲಿಲ್ಲ.

ಹೋಗುವಾಗ ಮಗ್ಗಿ ಸರಿಯಾಗಿ ನಡೆಯಿತು. ಕಲ್ಲಿಗೆ ಹದಿನೈದು, ಕಲ್ಲಿಗೆ ಹದಿನೈದು. ಹೊಸ ರಸ್ತೆಯೂ ನನ್ನ ಮಾತು ಕೇಳುತ್ತಿದೆ ಎಂದುಕೊಂಡೆ. ಐದನೆಯ ಕಲ್ಲನ್ನು ಕೈಯಲ್ಲಿ ಮುಟ್ಟಿ ಸುತ್ತಿದೆ. ಅಲ್ಲೊಬ್ಬರು ಕೈಗೆ ಬಣ್ಣದ ಗುರುತು ಹಾಕಿದರು. ವಾಪಸು ತಿರುಗಿ ಲಗಾಮು ಎಳೆದುಕೊಂಡು ರೆಕ್ಕೆಗೆ ಕಾದೆ.

ಈ ಭಾಗವನ್ನು ನಾನು ಅತಿ ಹೆಚ್ಚು ಸಲ ಹೇಳಿರುವುದರಿಂದ ಇದೇ ಅತಿ ಕಡಿಮೆ ನಂಬಬೇಕಾದ ಭಾಗ. ನನ್ನ ನೆನಪಿನ ಪ್ರಕಾರ ನಾನು ಸಡಿಲವಾಗಿ ಓಡುತ್ತಿದ್ದೆ. ಹಿಂದಿನಿಂದ ಒಬ್ಬ ಬಂದ. ಬನಿಯನ್ನು, ಮೊಣಕಾಲಿನ ಮೇಲಕ್ಕೆ ಕಟ್ಟಿದ ಪಂಚೆ, ನನಗಿಂತ ಉದ್ದ. ನನ್ನ ಸಮಕ್ಕೆ ಬಂದು ಮುಖ ನೋಡಿದ.

"ಯಾಕಣ್ಣೋ ನಿಧಾನ ಮಾಡ್ಬುಟ್ಟೆ, ಮುಳ್ಳಾ?"

"ಇಲ್ಲ. ಈಗ ಬತ್ತದೆ."

"ಏನು ಬತ್ತದೆ, ಬಸ್ಸಾ?"

ಅವನು ಮುಂದೆ ಹೋದ. ಪಂಚೆಯ ಹಿಂಭಾಗದ ಒದ್ದೆ ಕಲೆ ಚಿಕ್ಕದಾಗುತ್ತ ಹೋದದ್ದು ಕಣ್ಣಿಗೆ ಕಟ್ಟಿದಂತಿದೆ. ನಮ್ಮ ಲೆಕ್ಕದ ಆರನೆಯ ಕಲ್ಲು ಬಂತು, ರೆಕ್ಕೆ ಬರಲಿಲ್ಲ. ಏಳನೆಯದರಲ್ಲಿ ಸುರಿದೆ. ಎಂಟು, ಒಂಬತ್ತು ನೆನಪಿಲ್ಲ. ಹತ್ತನೆಯದರಲ್ಲಿ ಜನ ಕೂಗುತ್ತಿದ್ದರು.

ಅಧಿಕಾರಿ ಕೈಯಲ್ಲಿದ್ದ ಗಡಿಯಾರ ಒತ್ತಿ, "ಎಪ್ಪತ್ತು, ನಲವತ್ತು" ಎಂದರು. ಅದು ಎಪ್ಪತ್ತು ನಿಮಿಷ ನಲವತ್ತು ಸೆಕೆಂಡು ಎಂದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಭಾವ ಜಗಳಕ್ಕೆ ನುಗ್ಗಿದರು. "ಸ್ವಾಮಿ, ನಿಮ್ದು ಮುಂದ್ಕೋಡ್ತಾ ಅದೆ. ನಮ್ ವಾಚು ನೋಡಿ, ಮದ್ವೆ ವಾಚು, ಒಂದಿನ ತಪ್ಪಿಲ್ಲ" ಎಂದು ಕೈ ಚಾಚಿದರು. ಚಾಚಿ ತಾವೇ ಒಮ್ಮೆ ನೋಡಿಕೊಂಡರು. ಕೈ ಹಿಂದಕ್ಕೆ ತೆಗೆದುಕೊಂಡರು. ಅದರಲ್ಲಿ ಎಪ್ಪತ್ತೊಂದು ದಾಟಿತ್ತಂತೆ.

"ಮುಂದಿನ ವರ್ಷ ಬನ್ನಿ ಮೇಷ್ಟ್ರೇ" ಎಂದರು ಅಧಿಕಾರಿ. ನನ್ನ ವಯಸ್ಸು ಅವರ ಎದುರಿನ ಕಾಗದದಲ್ಲೇ ಇತ್ತು.

ಬಸ್ಸಿನಲ್ಲಿ ಭಾವ ಕಿಟಕಿಯ ಆಚೆ ನೋಡುತ್ತ ಕೂತರು. ತೆರಕಣಾಂಬಿ ದಾಟಿದ ಮೇಲೆ, "ಬಂತಾ?" ಎಂದು ಕೇಳಿದರು.

"ಬರಲಿಲ್ಲ."

"ಊರು ಬೇರೆ ಅಲ್ವಾ" ಎಂದರು, ಅಷ್ಟೇ.

ಒಂದೆರಡು ತಿಂಗಳಲ್ಲಿ ಕಾಯಂ ಮೇಷ್ಟ್ರ ಕೆಮ್ಮು ವಾಸಿಯಾಯಿತು. ನಾನು ಟ್ರಂಕು ತೆಗೆದುಕೊಂಡು ಗುಂಡ್ಲುಪೇಟೆಗೆ ಹೊರಟೆ. ಸದ್ಯಕ್ಕೆ ಭಾವನ ಮಂಡಿಯಲ್ಲಿ ಕೂರುವುದು ಎಂದಾಗಿತ್ತು. ಆ ದಿನ ಬಸ್ಸಿನ ಎಂಜಿನ್ ಕಾದು ಆಲದಮರದ ಹತ್ತಿರ ನಿಂತಿತು. ಡ್ರೈವರು ಬಾವಿಯಿಂದ ನೀರು ತರಿಸುತ್ತಿದ್ದ. ಎಷ್ಟೋ ಭಾನುವಾರ ಹಾದುಹೋದ ಜಾಗದಲ್ಲಿ ನಾನು ಮೊದಲ ಸಲ ಇಳಿದು ನಿಂತೆ. ಅಜ್ಜಿ ತಂಬಿಗೆಯಿಂದ ಕಲ್ಲಿನ ತಲೆಯ ಮೇಲೆ ನೀರು ಹಾಕುತ್ತಿದ್ದಳು.

"ಅಲ್ಲಿ ಬಿಸ್ಲಲ್ಲಿ ಬೆಂದೋಗಿದ್ದ ನಮ್ಮಪ್ಪ" ಎಂದಳು, ನನಗೋ ಕಲ್ಲಿಗೋ. "ಇಲ್ಲಿ ತಣ್ಣಗವ್ನೆ."

"ಎಲ್ಲಿ ಅಜ್ಜಿ?"

"ಅಗೋ, ಆ ಮೋರಿ ತಾವು. ಮೊದ್ಲು ಅಲ್ಲೇ ಇದ್ದಿದ್ದು."

ಅವಳು ಕೈ ತೋರಿದ್ದು ಗುಂಡ್ಲುಪೇಟೆಯ ಕಡೆಗೆ. ಮೋರಿ ದೂರದಲ್ಲಿ, ಮರವಿಲ್ಲದ ಬಯಲಿನಲ್ಲಿ ಇತ್ತು. ಮುಂದಿನದನ್ನು ಅವಳೇ ಹೇಳಿದಳು, ನಾನು ಕೇಳಿದ್ದು ನೆನಪಿಲ್ಲ.

"ರೋಡ್‌ಗೆ ಟಾರು ಆಕಕ್ಕೆ ಬಂದವ್ರು ಕಿತ್ತು ಮಲಗ್ಸಿದ್ರು. ದ್ಯಾವ್ರನ್ನ ಮಲಗ್ಸಿ ಓಗ್ಬುಟ್ರೆ ಆಯ್ತದಾ? ನಾವೇ ಮೇಸ್ತ್ರಿಗೆ ಅಂದೊ, ಎಂಗೂ ಎತ್ತಿ ನಿಲ್ಲುಸ್ತೀರಿ, ಇಲ್ಲೇ ನೆರಳ್ಗೆ ನಿಲ್ಸಿ, ಗಾಡಿ ಬಿಚ್ಚದೂ ಇಲ್ಲೇಯ. ಒಳ್ಳೆ ಮನ್ಸ. ಕಲ್ಲು ಎಲ್ಲಿದ್ರೇನಜ್ಜಿ, ಗುಂಡ್ಲುಪೇಟೆ ಅಲ್ಲೇ ಇರ್ತದೆ ಅಂದ."

"ನಾವು ಇಲ್ಲಿ ವಾರ ವಾರ ಓಡ್ತಿದ್ದದ್ದು ನೋಡ್ತಿದ್ದೆಯಲ್ಲ ಅಜ್ಜಿ, ಒಂದು ಮಾತು ಹೇಳಬಾರದಿತ್ತಾ?"

"ನೀನು ನಿಂತ್ಯಾ ಯೋಳಕ್ಕೆ? ಆ ಸೈಕಲ್ಲಪ್ಪ ನಿಲ್ತಿದ್ದ, ಕೈ ಮುಗೀತಿದ್ದ, ಓಯ್ತಿದ್ದ. ನಿಂದು ಏನೋ ಅರಕೆ ಅಂದ್ಕಂಡಿದ್ದೊ. ಅರಕೆಯೋರ್ನ ಮಾತಾಡುಸ್ಬಾರ್ದು."

ಡ್ರೈವರು ಹಾರನ್ ಒತ್ತಿದ. ನನಗೆ ಸಿಟ್ಟು ಬಂದಿರಬೇಕು. ಬಂದಿರಲೇಬೇಕು. ಆದರೆ ನೆನಪಿರುವುದು ಬೇರೆ: ಬಸ್ಸು ಹೊರಟು ಮೋರಿಯವರೆಗೆ ಹೋಗುವಷ್ಟರಲ್ಲಿ ನಾನು ಮಗ್ಗಿ ಹೇಳಿಕೊಳ್ಳಲು ನೋಡಿದೆ. ಬಸ್ಸಿನ ವೇಗಕ್ಕೆ ಅದು ಹೊಂದಲಿಲ್ಲ.

ಭಾವ ಮೊದಲು ನಂಬಲಿಲ್ಲ. ಬಾವಿ ಹಗ್ಗ ತೆಗೆದುಕೊಂಡು ಹೋಗಿ ಇಬ್ಬರೂ ಒಂದು ಇಡೀ ದಿನ ಅಳೆದೆವು. ಹಗ್ಗದ ಒಂದು ತುದಿ ಅವರು, ಒಂದು ತುದಿ ನಾನು. ದಾರಿಯಲ್ಲಿ ಹೋಗುವವರು ಜಮೀನಿನ ತಕರಾರೇ ಎಂದು ಕೇಳಿದರು. ಐದಕ್ಕೂ ಆರಕ್ಕೂ ನಡುವೆ ಹೆಚ್ಚುಕಡಿಮೆ ಒಂದು ಫರ್ಲಾಂಗು ಕಡಿಮೆ. ಆರಕ್ಕೂ ಏಳಕ್ಕೂ ನಡುವೆ ಅಷ್ಟೇ ಹೆಚ್ಚು. ಹತ್ತು ಮೈಲಿ ಒಟ್ಟಿಗೆ ಹತ್ತೇ.

ಭಾವ ಹಗ್ಗ ಸುತ್ತುತ್ತ, "ಅಂಗಾರೆ ನಿಂಗೆ ರೆಕ್ಕೆ ಬಂದೇ ಇಲ್ಲ" ಎಂದರು. ಹಗ್ಗದ ತುದಿಗೆ ಗಂಟು ಹಾಕಿ, "ಉದುರೂ ಇಲ್ಲ ಬುಡು" ಎಂದರು. ಆಮೇಲೆ ಎಂದಿನಂತೆ ಕಲ್ಲಿಗೆ ಕೈಯೊತ್ತಿ ಹಣೆಗೆ ಇಟ್ಟುಕೊಂಡರು. ನನಗೆ ಆ ಕ್ಷಣದಲ್ಲಿ ಓಟ ಸೋತದ್ದಕ್ಕಿಂತ ಹೆಚ್ಚಿನ ಒಂದು ನಷ್ಟ ಅನ್ನಿಸಿತು. ಐದಾರು ತಿಂಗಳು ನನ್ನದೇ ಎಂದು ಸಾಕಿಕೊಂಡಿದ್ದ ಒಂದು ಬಲ, ಒಂದು ದೌರ್ಬಲ್ಯ, ಎರಡೂ ರಸ್ತೆ ಗ್ಯಾಂಗಿನ ಮೇಸ್ತ್ರಿಯ ಒಳ್ಳೆಯತನ ಎಂದಾಗಿಬಿಟ್ಟಿತ್ತು.

ಕಥೆಯನ್ನು ನಾನು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತೇನೆ. ಕೇಳುವವರು ತಲೆದೂಗುತ್ತಾರೆ. ಕಲ್ಲು ಸರಿದಿತ್ತು, ಮೇಷ್ಟ್ರು ರೆಕ್ಕೆಗೆ ಕಾದರು, ನಲವತ್ತು ಸೆಕೆಂಡು ಹೋಯಿತು. ಎಲ್ಲ ಕೂಡಿಬರುತ್ತದೆ. ಇಷ್ಟು ಚೆನ್ನಾಗಿ ಕೂಡಿಬರುವುದೇ ನನಗೆ ಈಚೆಗೆ ತೊಂದರೆ ಕೊಡುತ್ತಿದೆ.

ಏಕೆಂದರೆ ಇನ್ನೊಂದು ಓಟ ಇದೆ. ಅದನ್ನು ಯಾರಿಗೂ ಹೇಳುವುದಿಲ್ಲ, ಕಥೆ ಕೆಡುತ್ತದೆ. ಅಳತೆಯಾದ ಮುಂದಿನ ವಾರ ಮೋರಿಯ ಹತ್ತಿರ, ಕಲ್ಲು ಇರಬೇಕಾದ ಕಡೆ, ನಾವು ಗುರುತಿಗೆ ನಾಲ್ಕು ಜಲ್ಲಿ ಒಟ್ಟಿ, ಕೊನೆಯ ಸಲ ಬೇಗೂರಿನಿಂದ ಓಡಿದೆವು. ಬರೀ ಪರೀಕ್ಷೆಗಾಗಿ, ಅದರಿಂದ ಸಿಗುವುದೇನೂ ಇರಲಿಲ್ಲ. ಲಗಾಮು ಇಲ್ಲ, ಸುರಿಯುವುದಿಲ್ಲ, ಮೈ ಹೇಗೆ ಹೋಗುತ್ತದೋ ಹಾಗೆ. ಸರಿಯಾದ ಆರನೆಯ ಮೈಲಿ ಆರು ನಿಮಿಷ ಮೂವತ್ತೈದು. ಸರಿಯಾದ ಏಳನೆಯ ಮೈಲಿ ಏಳು ನಿಮಿಷ ಇಪ್ಪತ್ತೈದು. ಭಾವ ಅಂಕಿಗಳನ್ನು ಎರಡು ಸಲ ಲೆಕ್ಕ ಹಾಕಿ ಬರೆದರು, ಆಮೇಲೆ ಆ ವಿಷಯ ಎತ್ತಲಿಲ್ಲ.

ಹಾಗಾದರೆ ರೆಕ್ಕೆ ಇತ್ತೇ? ಅಥವಾ ಅಷ್ಟು ತಿಂಗಳು ಕಲ್ಲು ಹೇಳಿದ ಸುಳ್ಳನ್ನು ನನ್ನ ಮೈ ಕಲಿತು, ಕಲ್ಲನ್ನು ತಿದ್ದಿದ ಮೇಲೂ ಅದನ್ನೇ ಒಪ್ಪಿಸಿತೇ? ಅಥವಾ ಆ ರಸ್ತೆ ಅಲ್ಲಿ ಸ್ವಲ್ಪ ಇಳಿದು ಆಮೇಲೆ ಏರುತ್ತದೆಯೇ? ಎಷ್ಟು ಸಲ ಓಡಿದವನು, ನನಗೆ ಹೇಳಲಾಗುತ್ತಿಲ್ಲ. ಈಗ ಅಲ್ಲಿ ರಸ್ತೆಯನ್ನು ಅಗಲ ಮಾಡಿ ಏರುತಗ್ಗನ್ನೆಲ್ಲ ಸಮ ಮಾಡಿದ್ದಾರೆ. ಭಾವನನ್ನು ಕೇಳಬಹುದಾದಾಗ ಕೇಳಲಿಲ್ಲ. ಈ ಕೊನೆಯ ಅಂಕಿಗಳಾದರೂ ನಿಜವೋ, ತೀರಾ ಕೂಡಿಬರುವ ಕಥೆಯ ಮೇಲಿನ ಸಿಟ್ಟಿಗೆ ನಾನೇ ಹುಟ್ಟಿಸಿಕೊಂಡವೋ, ಪುಸ್ತಕ ಇಲ್ಲದೆ ಹೇಗೆ ಹೇಳಲಿ?

ಇನ್ನೊಂದು ಇದೆ. ಬನಿಯನ್ನಿನ ಮನುಷ್ಯ ನನ್ನನ್ನು ಹಿಂದೆ ಹಾಕಿದ್ದು ಆರನೆಯ ಮೈಲಿಯಲ್ಲಿ ಎಂದು ಬರೆದೆ. ಅದು ಒಂಬತ್ತನೆಯದೂ ಆಗಿರಬಹುದು. ಒಂಬತ್ತನೆಯದಾದರೆ ನಾನು ನಿಧಾನವಾಗಿದ್ದದ್ದು ಕಾಯುತ್ತಿದ್ದುದರಿಂದಲ್ಲ, ದಣಿದಿದ್ದರಿಂದ. "ಈಗ ಬತ್ತದೆ" ಎಂದದ್ದು ಮುಗಿಯುವ ಜಾಗ ಹತ್ತಿರ ಬಂತು ಎಂಬ ಅರ್ಥದಲ್ಲಿ. ಅವನು ಎಪ್ಪತ್ತರ ಒಳಗೆ ಬಂದಿದ್ದ. ತರಬೇತಿಗೂ ಹೋಗಿರಬೇಕು. ಅವನ ಹೆಸರು, ಊರು ಕೇಳಿಕೊಳ್ಳಬೇಕು ಎಂದು ಆ ದಿನ ನನಗೆ ಹೊಳೆಯಲಿಲ್ಲ.

ಆ ದಿನ ಸಂತೆಮರಹಳ್ಳಿ ರಸ್ತೆಯಲ್ಲಿ ನನ್ನ ಒಂದೊಂದು ಮೈಲಿಯ ಹೊತ್ತನ್ನು ಯಾರೂ ನೋಡಲಿಲ್ಲ. ಇರುವುದು ಒಟ್ಟು ಮಾತ್ರ: ಎಪ್ಪತ್ತು ನಿಮಿಷ, ನಲವತ್ತು ಸೆಕೆಂಡು. ಆ ನಲವತ್ತು ಸೆಕೆಂಡನ್ನು ನಾನು ಯಾವ ಮೈಲಿಯಲ್ಲಿ ಕಳೆದೆ, ಕಾಯುತ್ತ ಕಳೆದೆನೋ ಅಥವಾ ನನ್ನಲ್ಲಿ ಅಷ್ಟೇ ಇತ್ತೋ, ನನಗೆ ಗೊತ್ತಿಲ್ಲ.